ಸಾಮಾನ್ಯ ಮನುಷ್ಯನ ಯುಗ: ಒಂದು ಹೆಸರಿನ ಪರಿಶೀಲನೆ

ಸಾಹಿತ್ಯಚರಿತ್ರೆಯ ವಿದ್ಯಾರ್ಥಿಗಳಿಗೆ ಯುಗವಿಭಜನೆಯ ಚರ್ಚೆ ಹೊಸದಲ್ಲ. ಕನ್ನಡ ಸಾಹಿತ್ಯದ ಕಾಲಘಟ್ಟಗಳನ್ನು ಮತಧರ್ಮದ ಹೆಸರಿನಿಂದ ಕರೆಯಬೇಕೇ, ಕವಿಯ ಹೆಸರಿನಿಂದ ಕರೆಯಬೇಕೇ, ಛಂದೋರೂಪದ ಹೆಸರಿನಿಂದ ಕರೆಯಬೇಕೇ ಎಂಬ ವಾಗ್ವಾದ ಬಹುಕಾಲ ನಡೆದಿದೆ. ಹೆಸರು ಬದಲಾದಂತೆ ಮುನ್ನೆಲೆಗೆ ಬರುವ ಕೃತಿಗಳೂ ಮರೆಗೆ ಸರಿಯುವ ಕೃತಿಗಳೂ ಬದಲಾಗುತ್ತವೆ. ಅಮೆರಿಕದ ಇತಿಹಾಸದಲ್ಲಿ ಇಂತಹ ಒಂದು ಹೆಸರು ‘ಸಾಮಾನ್ಯ ಮನುಷ್ಯನ ಯುಗ’. ಸ್ಥೂಲವಾಗಿ 1820ರ ದಶಕದಿಂದ 1840ರ ದಶಕದವರೆಗಿನ, ಆಂಡ್ರ್ಯೂ ಜಾಕ್ಸನ್ನನ ವ್ಯಕ್ತಿತ್ವ ಆವರಿಸಿಕೊಂಡಿದ್ದ ಕಾಲಕ್ಕೆ ಈ ಹೆಸರು ಸಲ್ಲುತ್ತ ಬಂದಿದೆ. ಇದನ್ನು ಪರೀಕ್ಷಿಸದೆ ಒಪ್ಪುವುದು, ಬರಿಯ ಸುಳ್ಳೆಂದು ತಳ್ಳಿಹಾಕುವುದು, ಇವೆರಡೂ ಅಧ್ಯಯನಕ್ಕೆ ಹಾನಿಕರವೇ.

ಹೆಸರಿನಲ್ಲಿ ಸತ್ಯಾಂಶವಿದೆ ಎಂಬುದನ್ನು ಮೊದಲು ಒಪ್ಪಬೇಕು. 1824ರ ಅಧ್ಯಕ್ಷೀಯ ಚುನಾವಣೆಯಲ್ಲಿ ಜಾಕ್ಸನ್ನನಿಗೆ 99, ಜಾನ್ ಕ್ವಿನ್ಸಿ ಆಡಮ್ಸ್‌ನಿಗೆ 84, ವಿಲಿಯಂ ಕ್ರಾಫರ್ಡ್‌ನಿಗೆ 41, ಹೆನ್ರಿ ಕ್ಲೇಗೆ 37 ಎಲೆಕ್ಟರ್ ಮತಗಳು ದೊರೆತವು. ಯಾರಿಗೂ ಬಹುಮತ ಬಾರದುದರಿಂದ ನಿರ್ಣಯ ಪ್ರತಿನಿಧಿ ಸಭೆಯ ಪಾಲಾಯಿತು. ಕ್ಲೇಯ ಬೆಂಬಲದಿಂದ ಆಡಮ್ಸ್ ಅಧ್ಯಕ್ಷನಾದನು. ಬಳಿಕ ಕ್ಲೇ ವಿದೇಶಾಂಗ ಕಾರ್ಯದರ್ಶಿಯಾದನು. ಜನ ಆರಿಸಲು ಹೊರಟವನನ್ನು ಕೆಲವರು ಒಳಗೊಳಗೇ ಮಾತಾಡಿಕೊಂಡು ತಪ್ಪಿಸಿದರೆಂಬ ಆಕ್ರೋಶ ನಾಲ್ಕು ವರ್ಷ ಆರಲಿಲ್ಲ. 1828ರಲ್ಲಿ ಜಾಕ್ಸನ್ 178 ಮತಗಳಿಂದ ಗೆದ್ದನು. ಆಡಮ್ಸ್‌ನಿಗೆ ಬಂದವು 83. ಅಷ್ಟರಲ್ಲಿ ಬಹುತೇಕ ರಾಜ್ಯಗಳಲ್ಲಿ ಎಲೆಕ್ಟರುಗಳನ್ನು ಶಾಸನಸಭೆಗಳ ಬದಲು ಮತದಾರರೇ ಆರಿಸತೊಡಗಿದ್ದರು. ಅರ್ಹರಲ್ಲಿ ಮತ ಚಲಾಯಿಸಿದವರ ಪ್ರಮಾಣ 1824ರಲ್ಲಿ ಸುಮಾರು ಕಾಲು ಭಾಗವಿದ್ದುದು 1828ರಲ್ಲಿ ಅರ್ಧವನ್ನು ದಾಟಿತು. 1840ರಲ್ಲಿ ಶೇಕಡ 80ರ ಸಮೀಪಕ್ಕೆ ಏರಿತು. 1829ರ ಮಾರ್ಚ್ 4ರಂದು ಪದಗ್ರಹಣದ ಬಳಿಕ ಅಧ್ಯಕ್ಷಭವನಕ್ಕೆ ನುಗ್ಗಿದ ಜನಸಂದಣಿ ಈ ಬದಲಾವಣೆಯ ಕಣ್ಣಿಗೆ ಕಾಣುವ ರೂಪವಾಗಿತ್ತು.

ಜಾಕ್ಸನ್ನನ ವಾದಕ್ಕೆ ತಾತ್ತ್ವಿಕ ಆಧಾರವೂ ಇತ್ತು. ಸಾರ್ವಜನಿಕ ಹುದ್ದೆಯ ಕೆಲಸಗಳು ಸರಳವಾದವು, ಬುದ್ಧಿಯುಳ್ಳ ಯಾವನಾದರೂ ಅವುಗಳನ್ನು ನಿರ್ವಹಿಸಬಲ್ಲ, ಆದ್ದರಿಂದ ಹುದ್ದೆ ಯಾರೊಬ್ಬರ ಆಸ್ತಿಯೂ ಆಗಕೂಡದು ಎಂಬುದು 1829ರ ಡಿಸೆಂಬರಿನಲ್ಲಿ ಆತ ಕಾಂಗ್ರೆಸ್ಸಿಗೆ ಕಳುಹಿದ ಸಂದೇಶದ ಅಭಿಪ್ರಾಯ. ಕುಲೀನ ಮನೆತನಗಳ ಕೈಯಲ್ಲಿ ಉಳಿದುಬಂದಿದ್ದ ಆಡಳಿತಕ್ಕೆ ಇದು ಸರಿಯಾದ ಪ್ರಶ್ನೆ. ಆಚರಣೆಯಲ್ಲಿ ಅದು ಗೆದ್ದ ಪಕ್ಷದವರಿಗೆ ಹುದ್ದೆ ಹಂಚುವ ಪದ್ಧತಿಯಾಯಿತು. ನ್ಯೂಯಾರ್ಕ್ ಬಂದರಿನ ಸುಂಕಾಧಿಕಾರಿಯಾಗಿ ಜಾಕ್ಸನ್ ನೇಮಿಸಿದ ಸ್ಯಾಮ್ಯುಯೆಲ್ ಸ್ವಾರ್ಟ್‌ವೌಟ್ ಹತ್ತು ಲಕ್ಷ ಡಾಲರುಗಳಿಗೂ ಹೆಚ್ಚಿನ ಮೊತ್ತವನ್ನು ನುಂಗಿ 1838ರಲ್ಲಿ ಯೂರೋಪಿಗೆ ಓಡಿಹೋದನು. ಆದರೂ ಈ ಭ್ರಷ್ಟತೆ ಆ ಯುಗದ ಮುಖ್ಯ ದೋಷವಲ್ಲ. ತತ್ತ್ವ ಸರಿಯಿದ್ದು ಆಚರಣೆ ಕೆಟ್ಟ ಉದಾಹರಣೆಗಳು ಎಲ್ಲ ಕಾಲದಲ್ಲಿಯೂ ಇವೆ. ಪರಿಶೀಲಿಸಬೇಕಾದುದು ತತ್ತ್ವದಲ್ಲಿಯೇ ಅಡಗಿದ್ದ ಒಂದು ಸಂಕೋಚವನ್ನು.

ಪ್ರಮಾಣಶಾಸ್ತ್ರದಲ್ಲಿ ‘ಸಾಮಾನ್ಯ’ವೆಂದರೆ ಅನೇಕ ವ್ಯಕ್ತಿಗಳಲ್ಲಿ ಸಮಾನವಾಗಿ ಇರುವ ಧರ್ಮ, ಒಂದನ್ನು ಮತ್ತೊಂದರಿಂದ ಬೇರ್ಪಡಿಸುವುದು ‘ವಿಶೇಷ’. ಈ ಅರ್ಥದಲ್ಲಿ ‘ಸಾಮಾನ್ಯ ಮನುಷ್ಯ’ನೆಂದರೆ ಮನುಷ್ಯತ್ವವೊಂದನ್ನೇ ಅರ್ಹತೆಯಾಗಿ ಉಳ್ಳವನು. ಅಮೆರಿಕದ ರಾಜ್ಯಗಳು ಆಸ್ತಿಯೆಂಬ ವಿಶೇಷವನ್ನು ತೆಗೆದುಹಾಕುತ್ತ ಆ ಸಾಮಾನ್ಯದ ಕಡೆಗೆ ಸಾಗಿದಂತೆ ತೋರುತ್ತದೆ. ಆದರೆ ಆಸ್ತಿ ಹೊರಟುಹೋದ ಬಾಗಿಲಿನಿಂದಲೇ ಬಣ್ಣ ಒಳಕ್ಕೆ ಬಂದಿತು. ನ್ಯೂಯಾರ್ಕಿನ 1821ರ ಸಂವಿಧಾನವು ಬಿಳಿಯ ಪುರುಷರಿಗೆ ಭೂಒಡೆತನದ ಅರ್ಹತೆಯನ್ನು ಕೈಬಿಟ್ಟಿತು. ಕಪ್ಪು ಪುರುಷರಿಗೆ 250 ಡಾಲರ್ ಮೌಲ್ಯದ ಭೂಮಿಯಿರಬೇಕೆಂದು ವಿಧಿಸಿತು. ಪೆನ್ಸಿಲ್ವೇನಿಯಾದ 1790ರ ಸಂವಿಧಾನದಲ್ಲಿ ಮತದಾರನೆಂದರೆ ‘ಸ್ವತಂತ್ರ ಮನುಷ್ಯ’. 1838ರ ಸಂವಿಧಾನ ಹಲವು ಸ್ಥಳೀಯ ಹುದ್ದೆಗಳನ್ನು ಚುನಾವಣೆಗೆ ಒಳಪಡಿಸಿತು, ಜೊತೆಗೆ ಆ ನುಡಿಯ ಹಿಂದೆ ‘ಬಿಳಿಯ’ ಎಂಬ ಒಂದು ವಿಶೇಷಣವನ್ನೂ ಸೇರಿಸಿತು. ನ್ಯೂಜೆರ್ಸಿಯಲ್ಲಿ ಆಸ್ತಿಯುಳ್ಳ ಮಹಿಳೆಯರಿಗಿದ್ದ ಮತಾಧಿಕಾರ 1807ರಲ್ಲಿಯೇ ರದ್ದಾಗಿತ್ತು.

ಪಠ್ಯವಿಮರ್ಶೆಯಲ್ಲಿ ತೊಡಗಿದವರು ಒಂದು ಪಾಠಾಂತರದ ಬೆಲೆಯನ್ನು ಬಲ್ಲರು. ಪೆನ್ಸಿಲ್ವೇನಿಯಾದಲ್ಲಿ ಒಂದೇ ಪದದ ಸೇರ್ಪಡೆಯಿಂದ ಸ್ವತಂತ್ರ ಕಪ್ಪು ಜನರೆಲ್ಲರೂ ಮತದಾರರ ಪಟ್ಟಿಯಿಂದ ಹೊರಬಿದ್ದರು. ಇದರ ವಿರುದ್ಧ ರಾಬರ್ಟ್ ಪರ್ವಿಸ್ ಬರೆದ ‘ನಲವತ್ತು ಸಾವಿರ ನಾಗರಿಕರ ಮನವಿ’ 1838ರಲ್ಲಿಯೇ ಪ್ರಕಟವಾಯಿತು. ಶೀರ್ಷಿಕೆಯಲ್ಲಿನ ‘ನಾಗರಿಕರು’ ಎಂಬ ಪದವೇ ಅದರ ವಾದ. ಮತಾಧಿಕಾರದ ವಿಸ್ತರಣೆ ಒಂದು ಕಡೆ, ಬಹಿಷ್ಕಾರ ಇನ್ನೊಂದು ಕಡೆ ಎಂದು ಎರಡು ಪಟ್ಟಿ ಮಾಡುವ ವಾಡಿಕೆ ಇಲ್ಲಿ ಸೋಲುತ್ತದೆ. ಎರಡೂ ಒಂದೇ ವಾಕ್ಯದಲ್ಲಿ, ಒಂದೇ ಸಭೆಯ ಕೈಯಿಂದ ಬರೆಯಲ್ಪಟ್ಟವು.

ಭೂಮಿಯ ವಿಷಯದಲ್ಲಿ ಈ ಸಂಬಂಧ ಇನ್ನೂ ನಿಕಟವಾದುದು. ಮಿಸಿಸಿಪ್ಪಿ ನದಿಯ ಪೂರ್ವದಲ್ಲಿದ್ದ ಮೂಲನಿವಾಸಿಗಳನ್ನು ಪಶ್ಚಿಮಕ್ಕೆ ಸಾಗಿಸುವ ಕಾಯಿದೆಗೆ 1830ರ ಮೇ 28ರಂದು ಜಾಕ್ಸನ್ ಸಹಿ ಮಾಡಿದನು. ಆ ವೇಳೆಗೆ ಚೆರೋಕಿ ಜನ ‘ನಾಗರಿಕತೆ’ಯ ಹೆಸರಿನಲ್ಲಿ ತಮ್ಮಿಂದ ಕೇಳಿದುದನ್ನೆಲ್ಲ ಮಾಡಿ ತೋರಿಸಿದ್ದರು. ಸೆಕ್ವೋಯ ಎಂಬಾತ 1821ರ ಹೊತ್ತಿಗೆ ಉಚ್ಚಾರಾಂಶಕ್ಕೊಂದು ಚಿಹ್ನೆಯಿರುವ ಲಿಪಿಯನ್ನು ರೂಪಿಸಿದ್ದನು. 1827ರಲ್ಲಿ ಲಿಖಿತ ಸಂವಿಧಾನ ಬಂದಿತು. 1828ರ ಫೆಬ್ರವರಿಯಲ್ಲಿ ನ್ಯೂ ಎಕೋಟ ಎಂಬ ಊರಿನಿಂದ ‘ಚೆರೋಕಿ ಫೀನಿಕ್ಸ್’ ಪತ್ರಿಕೆ ಚೆರೋಕಿ ಮತ್ತು ಇಂಗ್ಲಿಷ್ ಎರಡರಲ್ಲಿಯೂ ಹೊರಟಿತು. ಲಿಪಿಯಿಂದ ಪತ್ರಿಕೆಯವರೆಗೆ ಏಳೇ ವರ್ಷ. ಇವರನ್ನೂ ಆದರ್ಶೀಕರಿಸಬೇಕಾಗಿಲ್ಲ. ಅವರ ಸಂವಿಧಾನವೂ ಕಪ್ಪು ಜನರನ್ನು ಮತದಾನದಿಂದ ಹೊರಗಿಟ್ಟಿತ್ತು, ಅವರಲ್ಲಿ ಸಿರಿವಂತರು ಗುಲಾಮರ ಒಡೆಯರಾಗಿದ್ದರು.

1832ರಲ್ಲಿ ಜಾನ್ ಮಾರ್ಷಲ್ ನೇತೃತ್ವದ ಸರ್ವೋಚ್ಚ ನ್ಯಾಯಾಲಯ, ಚೆರೋಕಿಗಳ ನೆಲದಲ್ಲಿ ಜಾರ್ಜಿಯಾ ರಾಜ್ಯದ ಕಾನೂನು ನಡೆಯದೆಂದು ತೀರ್ಪಿತ್ತಿತು. ಅದೇ ವರ್ಷ ಜಾರ್ಜಿಯಾ ಆ ನೆಲವನ್ನು ತುಂಡುಮಾಡಿ ತನ್ನ ಬಿಳಿಯ ನಿವಾಸಿಗಳಿಗೆ ಲಾಟರಿ ಎತ್ತಿ ಹಂಚತೊಡಗಿತು. ಚೀಟಿ ಎತ್ತಲು ಸಿರಿವಂತಿಕೆ ಬೇಕಿರಲಿಲ್ಲ. ಬಡ ಬಿಳಿಯನೂ ಗೆಲ್ಲಬಹುದಿತ್ತು. ಸಾಮಾನ್ಯ ಮನುಷ್ಯನಿಗೆ ಸಮಾನ ಅವಕಾಶವೆಂಬ ತತ್ತ್ವ ಇಷ್ಟು ನೇರವಾಗಿ ಜಾರಿಯಾದ ಉದಾಹರಣೆ ಅಪರೂಪ. ಹಂಚಿದ ನೆಲದ ಮೇಲೆ ಇನ್ನೂ ಜನ ವಾಸಿಸುತ್ತಿದ್ದರು. ಫೀನಿಕ್ಸ್ 1834ರಲ್ಲಿ ನಿಂತಿತು. ಮರುವರ್ಷ ಅದರ ಅಚ್ಚುಯಂತ್ರವನ್ನು ಜಾರ್ಜಿಯಾದ ಕಾವಲುಪಡೆ ವಶಪಡಿಸಿಕೊಂಡಿತು. 1835ರ ಡಿಸೆಂಬರಿನಲ್ಲಿ ಅಲ್ಪಸಂಖ್ಯೆಯ ಮುಖಂಡರು ಒಪ್ಪಂದಕ್ಕೆ ಸಹಿ ಹಾಕಿದರು; ಪತ್ರಿಕೆಯ ಮೊದಲ ಸಂಪಾದಕ ಇಲಯಸ್ ಬೂಡಿನಾಟ್ ಅವರಲ್ಲೊಬ್ಬ. ಮುಖ್ಯನಾಯಕ ಜಾನ್ ರಾಸ್ ಅದರ ವಿರುದ್ಧ ಹದಿನೈದು ಸಾವಿರಕ್ಕೂ ಹೆಚ್ಚು ಹೆಸರುಗಳಿರುವ ಮನವಿಯನ್ನು ಒಯ್ದರೂ ಸೆನೆಟ್ ಕದಲಲಿಲ್ಲ. 1838–39ರ ಬಲವಂತದ ಪಯಣದಲ್ಲಿ ಸುಮಾರು ನಾಲ್ಕು ಸಾವಿರ ಮಂದಿ ಸತ್ತರೆಂದು ಸಾಮಾನ್ಯವಾಗಿ ಅಂದಾಜಿಸಲಾಗಿದೆ. ಬಹುಮತದ ಯುಗದಲ್ಲಿ ಒಂದು ಜನಾಂಗದ ಬಹುಮತಕ್ಕೆ ಬೆಲೆ ಇರಲಿಲ್ಲ.

ಅಂದಿನವರನ್ನು ಇಂದಿನ ಅಳತೆಗೋಲಿನಿಂದ ಅಳೆಯಬಾರದೆಂಬ ಆಕ್ಷೇಪ ಇಲ್ಲಿ ಸಹಜವಾಗಿ ಏಳುತ್ತದೆ. ಆಕ್ಷೇಪ ಗೌರವಾರ್ಹವಾದುದು, ಆದರೆ ಈ ಸಂದರ್ಭಕ್ಕೆ ಸಲ್ಲದು. ಆ ಕಾಯಿದೆ ಪ್ರತಿನಿಧಿ ಸಭೆಯಲ್ಲಿ 102ಕ್ಕೆ 97 ಮತಗಳಿಂದ, ಕೇವಲ ಐದರ ಅಂತರದಲ್ಲಿ ಪಾಸಾಯಿತು. ಸೆನೆಟ್ಟಿನಲ್ಲಿ ಥಿಯೋಡರ್ ಫ್ರೆಲಿಂಗ್‌ಹೈಸೆನ್ ದಿನಗಟ್ಟಲೆ ವಿರೋಧಿಸಿ ಮಾತನಾಡಿದನು. ಮತಾಧಿಕಾರವಿಲ್ಲದ ಮಹಿಳೆಯರು ಕ್ಯಾಥರೀನ್ ಬೀಚರ್ ಮೊದಲಾದವರ ಪ್ರೇರಣೆಯಿಂದ ಮನವಿಪತ್ರಗಳನ್ನು ಸಲ್ಲಿಸಿದರು. ಗಡಿನಾಡಿನ ಬಡ ಕುಟುಂಬದಲ್ಲಿ ಹುಟ್ಟಿದ, ಜಾಕ್ಸನ್ನನದೇ ರಾಜ್ಯವಾದ ಟೆನೆಸಿಯ ಪ್ರತಿನಿಧಿ ಡೇವಿಡ್ ಕ್ರಾಕೆಟ್ ವಿರುದ್ಧವಾಗಿ ಮತ ಹಾಕಿದನು. ಮುಂದಿನ ಚುನಾವಣೆಯಲ್ಲಿ ಸ್ಥಾನ ಕಳೆದುಕೊಂಡನು. ಅಳತೆಗೋಲು ಆ ಕಾಲದಲ್ಲಿಯೇ ಇತ್ತು. ಅದನ್ನು ಹಿಡಿದವರು ಸೋತರು, ಅಷ್ಟೇ.

ಜೈನ ತರ್ಕದಲ್ಲಿ ವಸ್ತುವಿನ ಒಂದು ಧರ್ಮವನ್ನು ಹಿಡಿದು ಹೇಳುವ ಮಾತು ‘ನಯ’. ಉಳಿದ ಧರ್ಮಗಳನ್ನು ನಿರಾಕರಿಸಿದೊಡನೆ ಅದು ‘ದುರ್ನಯ’. ಅನೇಕಾಂತವೆಂದರೆ ‘ಸ್ವಲ್ಪ ಒಳಿತು, ಸ್ವಲ್ಪ ಕೆಡುಕು’ ಎಂದು ತಕ್ಕಡಿ ತೂಗಿ ಸುಮ್ಮನಾಗುವುದಲ್ಲ. ಒಂದು ಧರ್ಮ ಮತ್ತೊಂದರೊಡನೆ ಹೇಗೆ ಹೆಣೆದುಕೊಂಡಿದೆ ಎಂಬುದನ್ನು ಬಿಡಿಸಿ ನೋಡುವ ಶಿಸ್ತು ಅದು. ‘ಸಾಮಾನ್ಯ ಮನುಷ್ಯನ ಯುಗ’ವೆಂಬ ಮಾತು 1828ರ ಮತಗಟ್ಟೆಯಲ್ಲಿ ನಿಂತ ಬಡ ಬಿಳಿಯ ರೈತನ ದೃಷ್ಟಿಯಿಂದ ನಯ. ಪೆನ್ಸಿಲ್ವೇನಿಯಾದ ಸ್ವತಂತ್ರ ಕಪ್ಪು ನಾಗರಿಕನ, ಲಾಟರಿಯಲ್ಲಿ ಮನೆ ಕಳೆದುಕೊಂಡ ಚೆರೋಕಿ ಮಹಿಳೆಯ, ಜಾಕ್ಸನ್ನನ ಸ್ವಂತ ತೋಟದಲ್ಲಿ ದುಡಿಯುತ್ತಿದ್ದ ನೂರಕ್ಕೂ ಹೆಚ್ಚು ಗುಲಾಮರ ದೃಷ್ಟಿಯನ್ನು ಅಳಿಸಿ ಅದೇ ಮಾತನ್ನು ಹೇಳಿದರೆ ದುರ್ನಯ.

ಆದುದರಿಂದ ಈ ಹೆಸರನ್ನು ಪಠ್ಯಗಳಿಂದ ಕಿತ್ತೊಗೆಯಬೇಕಾಗಿಲ್ಲ. 1828ರ ಫಲಿತಾಂಶವನ್ನು ಕಲಿಸುವ ತರಗತಿಯಲ್ಲಿ ಅದೇ ವರ್ಷ ಹೊರಟ ಫೀನಿಕ್ಸ್ ಪತ್ರಿಕೆಯನ್ನೂ ಹತ್ತು ವರ್ಷಗಳ ಬಳಿಕ ಬಂದ ಪರ್ವಿಸನ ಮನವಿಯನ್ನೂ ಜೊತೆಗಿಟ್ಟು ಓದಿಸಿದರೆ ಸಾಕು. ‘ಸಾಮಾನ್ಯ’ವೆಂಬ ಪದ ಯಾರ ಕೈಯಲ್ಲಿ ಎಷ್ಟು ಹಿಗ್ಗಿತು, ಎಲ್ಲಿ ಕುಗ್ಗಿತು ಎಂಬುದು ಆಗ ವಿದ್ಯಾರ್ಥಿಗೆ ತಾನಾಗಿಯೇ ತಿಳಿಯುತ್ತದೆ.