ಹೆಮ್ಮೆ ಫಾರ್ವರ್ಡ್ ಮಾಡ್ಬೇಡಿ, ಲೆಕ್ಕ ಹಾಕಿ (ಭಾಗ 4)

"ಕಂಪ್ಯೂಟರ್‌ಗೆ ಸಂಸ್ಕೃತವೇ ಬೆಸ್ಟ್ ಅಂತ ನಾಸಾ ಹೇಳಿದೆ." ಈ ಮೆಸೇಜ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರುತ್ತೆ. ನಾಸಾ ಹಾಗೆ ಹೇಳಿಲ್ಲ. ಅಲ್ಲಿನ ಸಂಶೋಧಕ ರಿಕ್ ಬ್ರಿಗ್ಸ್ ಸಂಸ್ಕೃತ ವ್ಯಾಕರಣದ ಬಗ್ಗೆ 1985ರಲ್ಲಿ 'ಎಐ ಮ್ಯಾಗಜೀನ್'ಗೆ ಬರೆದ ಲೇಖನವೊಂದು ಬಾಯಿಂದ ಬಾಯಿಗೆ ಉಬ್ಬಿ ಹೀಗಾಗಿದೆ.

ಇದನ್ನ ನೋಡಿ ನಗೋರಿಗೂ ಒಂದು ಮಾತು. ಹೈಸ್ಕೂಲಲ್ಲಿ ಮಾರ್ಕ್ಸಿಗೋಸ್ಕರ ಪ್ರಸ್ತಾರ ಹಾಕಿದ್ರಲ್ಲ? ಲಘು, ಗುರು: ಎರಡೇ ಗುರುತು. ಮೂರಕ್ಷರಕ್ಕೆ 8 ಗಣ. ಕೋಡಿಂಗ್ ಕಲಿಯೋರ ಕಣ್ಣಿಗೆ ಇದು ಮೂರು ಬಿಟ್.

ಪಿಂಗಳನ ಛಂದಃಶಾಸ್ತ್ರದಲ್ಲಿ 'ನಷ್ಟ' ಅಂತ ಒಂದು ವಿಧಾನ ಇದೆ. ಬಿಕಾಂನವರು ಗಾಬರಿ ಆಗ್ಬೇಡಿ, ಲಾಸ್ ಅಲ್ಲ! ಪಟ್ಟಿಯಲ್ಲಿ ಎಷ್ಟನೇ ಸಾಲು ಅಂತ ಹೇಳಿದ್ರೆ ಸಾಕು, ಆ ಸಾಲು ಸಿಗುತ್ತೆ. ಸಂಖ್ಯೆ ಸಮ ಇದ್ರೆ ಅರ್ಧ ಮಾಡಿ, ಲಘು ಬರೀರಿ. ಬೆಸ ಇದ್ರೆ 1 ಕೂಡಿಸಿ ಅರ್ಧ ಮಾಡಿ, ಗುರು ಬರೀರಿ. ಬಂದ ಸಂಖ್ಯೆಗೆ ಮತ್ತೆ ಅದೇ. ಪಕ್ಕಾ ಇಫ್-ಎಲ್ಸ್, ಪಕ್ಕಾ ಲೂಪ್.

ಹಾಗಂತ ಪಿಂಗಳ ಕಂಪ್ಯೂಟರ್ ಕಟ್ಟಲಿಲ್ಲ. ಪದ್ಯದ ಲಯ ಎಣಿಸಿದ. ಅಷ್ಟು ಸಾಲದಾ? ಅದಕ್ಕೆ ಸುಳ್ಳಿನ ಒಗ್ಗರಣೆ ಯಾಕೆ? ಸುಳ್ಳು ಸಿಕ್ಕಿಬಿದ್ದ ದಿನ ನಿಜಾನೂ ಯಾರೂ ನಂಬಲ್ಲ.

ಈಗ ಹೇಳಿ: ಮೂರಕ್ಷರದ ಪಟ್ಟಿಯಲ್ಲಿ 6ನೇ ಸಾಲು ಯಾವ ಗಣ? ಉತ್ತರ ಕಾಮೆಂಟಲ್ಲಿ ಹಾಕಿ. ಆಮೇಲೆ ಬೇಕಾದ್ರೆ ಫಾರ್ವರ್ಡ್ ಮಾಡಿ.