ಮೊಬೈಲ್ ಮೌನವಾದಾಗ ರೇಡಿಯೊ ಇ-ಮೇಲ್: ಸಿದ್ಧತೆ ಮಳೆಗೆ ಮುನ್ನವೇ ಆಗಬೇಕು

ಬೆಂಗಳೂರು: 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ರಸ್ತೆ, ವಿದ್ಯುತ್ತಿನೊಂದಿಗೆ ದೂರವಾಣಿ ಸಂಪರ್ಕವೂ ಹಲವೆಡೆ ಕಡಿದುಹೋಯಿತು. 2024ರ ಜುಲೈ 30ರಂದು ನೆರೆಯ ವಯನಾಡಿನಲ್ಲಿ ಭೂಕುಸಿತ ಸಂಭವಿಸಿದಾಗ ಹವ್ಯಾಸಿ ರೇಡಿಯೊ ಬಳಕೆದಾರರು, ಅಂದರೆ ‘ಹ್ಯಾಮ್’ಗಳು, ಸಂಪರ್ಕಕ್ಕೆ ನೆರವಾದರು. 2004ರ ಡಿಸೆಂಬರ್ 26ರ ಸುನಾಮಿಯ ಬಳಿಕ ಅಂಡಮಾನಿನ ಸುದ್ದಿಯನ್ನು ಮುಖ್ಯಭೂಮಿಗೆ ಮುಟ್ಟಿಸಿದ್ದೂ ಪೋರ್ಟ್ ಬ್ಲೇರ್‌ನಲ್ಲಿದ್ದ ಭಾರತಿ ಪ್ರಸಾದ್ ನೇತೃತ್ವದ ಹ್ಯಾಮ್ ತಂಡವೇ.

ಆದರೆ ಧ್ವನಿ ಸಂದೇಶಕ್ಕೆ ಒಂದು ಮಿತಿಯಿದೆ. ಪರಿಹಾರ ಶಿಬಿರದಲ್ಲಿರುವ 200 ಜನರ ಹೆಸರು, ಬೇಕಾದ ಔಷಧಗಳ ಪ್ರಮಾಣ ಇವನ್ನೆಲ್ಲ ಒಬ್ಬರು ಓದಿ, ಇನ್ನೊಬ್ಬರು ಬರೆದುಕೊಳ್ಳುವಾಗ ತಪ್ಪು ನುಸುಳುವುದು ಸಹಜ. ಒಂದು ಅಂಕಿ ಬದಲಾದರೂ ಅನಾಹುತ. ಇದಕ್ಕೆ ಪರಿಹಾರವೇ ಪ್ಯಾಕೆಟ್ ರೇಡಿಯೊ ಮೂಲಕ ಇ-ಮೇಲ್ ರವಾನೆ.

ವ್ಯವಸ್ಥೆ ಸರಳ. ಲ್ಯಾಪ್‌ಟಾಪ್‌ನಲ್ಲಿ ಬರೆದ ಸಂದೇಶವನ್ನು ಮೋಡೆಮ್ ಶಬ್ದಸಂಕೇತವಾಗಿ ಪರಿವರ್ತಿಸುತ್ತದೆ. 12 ವೋಲ್ಟ್ ಬ್ಯಾಟರಿಯಿಂದ ನಡೆಯುವ ರೇಡಿಯೊ ಅದನ್ನು ಪ್ರಸಾರ ಮಾಡುತ್ತದೆ. ‘ಎಎಕ್ಸ್.25’ ಎಂಬ ನಿಯಮಾವಳಿಯಂತೆ ಸಂದೇಶ ತುಣುಕುಗಳಾಗಿ ಸಾಗುತ್ತದೆ. ಕೆಟ್ಟ ತುಣುಕನ್ನು ಮತ್ತೆ ಕಳುಹಿಸಲಾಗುತ್ತದೆ. ಅಂತರಜಾಲ ಜೀವಂತವಾಗಿರುವ ಊರಿನ ಗೇಟ್‌ವೇ ಕೇಂದ್ರವು ಅದನ್ನು ಸಾಮಾನ್ಯ ಇ-ಮೇಲ್ ಆಗಿ ಮುಂದಕ್ಕೆ ರವಾನಿಸುತ್ತದೆ. 2005ರ ಕತ್ರಿನಾ ಚಂಡಮಾರುತದ ವೇಳೆ ಅಮೆರಿಕದಲ್ಲಿ ಬಳಕೆಯಾದ ‘ವಿನ್‌ಲಿಂಕ್’ ಇಂಥದೇ ಜಾಲ.

ವೇಗದ ಬಗ್ಗೆ ಭ್ರಮೆ ಬೇಡ. ವಿಎಚ್‌ಎಫ್ ತರಂಗಾಂತರದಲ್ಲಿ ಸಾಮಾನ್ಯವಾಗಿ ಬಳಸುವ ವೇಗ ಸೆಕೆಂಡಿಗೆ 1200 ಬಿಟ್, ಅಂದರೆ ಹೆಚ್ಚೆಂದರೆ 150 ಬೈಟ್. ಈ ಲೆಕ್ಕದಲ್ಲಿ 3 ಎಂಬಿಯ ಒಂದು ಛಾಯಾಚಿತ್ರಕ್ಕೆ ಐದೂವರೆ ಗಂಟೆಗೂ ಹೆಚ್ಚು ಬೇಕು. 2000 ಇಂಗ್ಲಿಷ್ ಅಕ್ಷರಗಳ ಪಟ್ಟಿಗೆ ಹದಿನಾಲ್ಕು ಸೆಕೆಂಡು ಸಾಕು. ಯೂನಿಕೋಡ್‌ನ ಯುಟಿಎಫ್-8 ವಿಧಾನದಲ್ಲಿ ಕನ್ನಡದ ಪ್ರತಿ ಚಿಹ್ನೆಗೆ 3 ಬೈಟ್ ಬೇಕಾದ್ದರಿಂದ ಅಷ್ಟೇ ಚಿಹ್ನೆಗಳ ಕನ್ನಡ ಪಟ್ಟಿಗೆ ಮೂರು ಪಟ್ಟು ಸಮಯ ಹಿಡಿದೀತು. ಹೀಗಾಗಿ ಚಿತ್ರವಲ್ಲ, ಚುಟುಕು ಪಟ್ಟಿಯೇ ಇದರ ಬಲ.

ಇನ್ನು ಕಾನೂನಿನ ಮಾತು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ನಿಯಮಗಳ ಪ್ರಕಾರ, ದೇಶಗಳ ನಡುವಣ ಹ್ಯಾಮ್ ಸಂದೇಶದ ಅರ್ಥ ಮರೆಮಾಚುವಂತೆ ಗುಪ್ತಲಿಪಿ ಬಳಸುವಂತಿಲ್ಲ. ಮೂರನೆಯವರ ಪರವಾಗಿ ದೇಶದಾಚೆಗೆ ಸಂದೇಶ ಕಳುಹಿಸಲು ತುರ್ತು ಸನ್ನಿವೇಶ ಇಲ್ಲವೇ ವಿಪತ್ತು ಪರಿಹಾರದ ವೇಳೆಯಲ್ಲಿ ಮಾತ್ರ ಅವಕಾಶ. ಗುಪ್ತಲಿಪಿಯಿಲ್ಲದ ಪ್ರಸಾರವನ್ನು ಸಲಕರಣೆಯಿರುವ ಯಾರಾದರೂ ಓದಬಹುದು. ಗಾಯಾಳುಗಳ ಹೆಸರು, ಕಾಯಿಲೆಗಳನ್ನು ಎಷ್ಟರ ಮಟ್ಟಿಗೆ ಹೀಗೆ ಕಳುಹಿಸಬಹುದು? ಇದನ್ನು ಆಡಳಿತ ಮೊದಲೇ ನಿರ್ಧರಿಸಬೇಕು.

ಮೊದಲೇ ಆಗಬೇಕಾದ ಕೆಲಸ ಬೇರೆಯೂ ಇದೆ. ಅನಪೇಕ್ಷಿತ ಅಂಚೆ ತಡೆಯಲು ವಿನ್‌ಲಿಂಕ್ ಅಪರಿಚಿತ ವಿಳಾಸಗಳ ಪತ್ರವನ್ನು ತಿರಸ್ಕರಿಸುತ್ತದೆ. ಜಿಲ್ಲಾ ನಿಯಂತ್ರಣ ಕೊಠಡಿಯ ವಿಳಾಸ ಸ್ವೀಕೃತ ಪಟ್ಟಿಯಲ್ಲಿರಬೇಕು. ಬೆಟ್ಟಗಳು ವಿಎಚ್‌ಎಫ್ ಸಂಕೇತಕ್ಕೆ ಅಡ್ಡ ಬರುವುದರಿಂದ ಎತ್ತರದ ಜಾಗದಲ್ಲಿ ಮರುಪ್ರಸಾರ ಕೇಂದ್ರ ಬೇಕು. ಗೇಟ್‌ವೇ ವಿಪತ್ತಿನ ವಲಯದ ಹೊರಗಿರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಪರೀಕ್ಷೆ ಬರೆದು ಪರವಾನಗಿ ಪಡೆದ ನುರಿತ ಕೈಗಳು ಬೇಕು.

ಗುಡ್ಡ ಕುಸಿದ ದಿನ ಪರವಾನಗಿಗೆ ಅರ್ಜಿ ಹಾಕಲಾಗದು. ಹವ್ಯಾಸಿಗಳ ಉತ್ಸಾಹವನ್ನು ಆಪತ್ಕಾಲದಲ್ಲಷ್ಟೇ ನೆನೆದು, ಬಿಸಿಲು ಬಂದೊಡನೆ ಮರೆಯುವ ಪರಿಪಾಠ ಮುಂದುವರಿದರೆ, ಮುಂದಿನ ಬಾರಿಯೂ ಶಿಬಿರದ ಪಟ್ಟಿ ಶಿಬಿರದಲ್ಲೇ ಉಳಿದೀತು.