ಎಳೆಯ ಹುಂಜದ ಮುಂಗೋಪವೂ ಅದರ ನಿಗ್ರಹವೂ

ಹಿತ್ತಿಲಲ್ಲಿ ನಾಲ್ಕಾರು ಕೋಳಿಗಳನ್ನು ಸಾಕುವ ಊರುಗಳಲ್ಲಿ ಒಂದು ಬಗೆಯ ದೂರು ಆಗಾಗ್ಗೆ ಹುಟ್ಟುವುದುಂಟು. ನಿನ್ನೆಯವರೆಗೆ ಅಂಗೈಯಿಂದ ಕಾಳು ತಿನ್ನುತ್ತಿದ್ದ ಹುಂಜವು ಇಂದು ಮನೆಯ ಹೆಂಗಸರನ್ನು ಕೊಟ್ಟಿಗೆಯ ದಾರಿಯಲ್ಲಿ ಅಡ್ಡಗಟ್ಟುತ್ತದೆ. ನೆರೆಮನೆಯ ಕೂಸಿನ ಮೇಲೆ ಹಾರಿ ಗಾಯಪಡಿಸುತ್ತದೆ. ಅಲ್ಲಿಂದ ಎರಡು ಮನೆಗಳಿಗೆ ಮಾತು ನಿಂತು, ವ್ಯಾಜ್ಯವು ಊರಿನ ಯಜಮಾನರ ಜಗುಲಿಗೆ ಬರುತ್ತದೆ. ಆದಕಾರಣ ವಿಷಯವು ಅಲ್ಪವೆಂದು ತೋರಿದರೂ ಗ್ರಾಮಮುಖ್ಯರೂ ಜಮೀನುದಾರರೂ ಇದನ್ನು ಅರಿತಿರುವುದು ಯುಕ್ತವೆಂದು ನಮ್ಮ ಅಭಿಪ್ರಾಯ.

ಹುಂಜಕ್ಕೆ ಸುಮಾರು ನಾಲ್ಕರಿಂದ ಆರು ತಿಂಗಳು ತುಂಬುವ ಹೊತ್ತಿಗೆ ಜುಟ್ಟು ಕೆಂಪೇರಿ, ಕೂಗು ಬಲಿತು, ಸ್ವಭಾವವೂ ಬದಲಾಗುತ್ತದೆ. ಇದನ್ನು ಕೆಲವರು ದೃಷ್ಟಿದೋಷವೆಂದೂ, ಕೆಲವರು ತಿಂದ ಕಾಳಿನ ಕೊಬ್ಬೆಂದೂ ಹೇಳುವರು. ನಿಜವಾದ ಕಾರಣವು ಅದರ ಶರೀರದೊಳಗೇ ಇರುತ್ತದೆ. ಜರ್ಮನಿಯ ಗಾಟಿಂಗೆನ್ ನಗರದಲ್ಲಿ ಬರ್ತೋಲ್ಡ್ ಎಂಬ ಪಂಡಿತನು 1849ರಲ್ಲಿ ಎಳೆಯ ಹುಂಜಗಳ ವೃಷಣಗಳನ್ನು ತೆಗೆದು ನೋಡಿದನು. ಅವು ಕೂಗನ್ನೂ ಕಾಳಗವನ್ನೂ ಬಿಟ್ಟವು, ಜುಟ್ಟು ಬಾಡಿತು. ವೃಷಣವನ್ನು ಹೊಟ್ಟೆಯೊಳಗೆ ಬೇರೆ ಸ್ಥಳದಲ್ಲಿ ಇರಿಸಲ್ಪಟ್ಟ ಹುಂಜಗಳಾದರೋ ಎಂದಿನಂತೆ ಕೂಗಿ ಕಾದಾಡಿದವು. ವೃಷಣದಿಂದ ರಕ್ತಕ್ಕೆ ಸೇರುವ ರಸವೊಂದು ಈ ಪೌರುಷಕ್ಕೆ ಮೂಲವೆಂದು ಹೀಗೆ ಗೊತ್ತಾಯಿತು.

ಎರಡನೆಯ ಕಾರಣವು ಕೋಳಿಗಳ ಕುಲಮರ್ಯಾದೆ. ಯಾರು ಯಾರನ್ನು ಕುಕ್ಕಬಹುದು, ಯಾರು ಯಾರಿಗೆ ದಾರಿ ಬಿಡಬೇಕು ಎಂಬ ಕ್ರಮವು ಪ್ರತಿಯೊಂದು ಹಿಂಡಿನಲ್ಲಿಯೂ ಇರುವುದನ್ನು ನಾರ್ವೆ ದೇಶದ ಷೆಲ್ಡರುಪ್-ಎಬ್ಬೆ ಎಂಬಾತನು 1920ರ ದಶಕದ ಆರಂಭದಲ್ಲಿ ವಿವರಿಸಿದನು. ಮನುಷ್ಯರ ಮಡಿಲಲ್ಲಿ ಬೆಳೆದ ಮರಿಯು ದೊಡ್ಡದಾದಾಗ ಮನುಷ್ಯನನ್ನೂ ಹಿಂಡಿನವನೆಂದೇ ಎಣಿಸಿ ಅವನೊಡನೆ ಬಲ ನೋಡುತ್ತದೆ. ಮುದ್ದಿನ ಹುಂಜವೇ ಮೊದಲು ಎರಗುವುದೆಂಬ ಸಾಕುವವರ ಅನುಭವಕ್ಕೆ ಇದೇ ಅರ್ಥವಿರಬೇಕು. ಮಕ್ಕಳು ಕೋಲಿನಿಂದ ಕೆಣಕಿದ ಹುಂಜದ ಮಾತನ್ನು ಹೇಳಬೇಕಾದುದೇ ಇಲ್ಲ.

ಎರಗುವ ಮುನ್ನ ಹುಂಜವು ಸೂಚನೆ ಕೊಡದೆ ಇರುವುದು ಅಪರೂಪ. ಒಂದು ರೆಕ್ಕೆಯನ್ನು ಇಳಿಬಿಟ್ಟು ಓರೆಯಾಗಿ ಸುತ್ತುವುದು, ಕತ್ತಿನ ಪುಚ್ಚವನ್ನು ಕೆದರುವುದು, ಕಾಳಿಲ್ಲದ ನೆಲವನ್ನು ಕುಕ್ಕುತ್ತ ನಮ್ಮನ್ನೇ ನೋಡುವುದು, ಇವುಗಳನ್ನು ಕಂಡಾಗ ಬೆನ್ನು ತಿರುಗಿಸಬಾರದು. ಓಡಿದರೆ ಅದು ಗೆದ್ದೆನೆಂದು ತಿಳಿಯುವುದು. ಒದೆದರೆ ಕಾಳಗಕ್ಕೆ ಕರೆದರೆಂದು ತಿಳಿಯುವುದು. ಕೋಲಿನಿಂದ ಬಡಿಯುವ ನಮ್ಮ ಜನರ ರೂಢಿಯಿಂದ ಹುಂಜದ ಕಾಲು ಮುರಿದೀತೇ ಹೊರತು ಗುಣ ತಿದ್ದಲಾರದು. ನಿಂತ ಸ್ಥಳದಲ್ಲಿಯೇ ಅಲುಗದೆ ನಿಂತು, ಅದು ಹಿಂಜರಿದ ಮೇಲೆ ಮುಂದೆ ಹೋಗತಕ್ಕದ್ದು. ಬಲವಾದ ಕೈಯುಳ್ಳವರು ರೆಕ್ಕೆಗಳು ಅಲುಗದಂತೆ ಅದನ್ನು ಕಂಕುಳಲ್ಲಿ ಹಿಡಿದು, ಕೊಸರಾಟ ನಿಲ್ಲುವವರೆಗೆ ಅತ್ತಿತ್ತ ನಡೆದಾಡಿ ಮೆಲ್ಲನೆ ಇಳಿಸಬಹುದು. ಕಾಲಿನ ಮುಳ್ಳಿನ ತುದಿಯನ್ನು ಮಾತ್ರ ಅರದಿಂದ ಮೊಂಡು ಮಾಡಬೇಕು. ಒಳಗೆ ಜೀವವುಳ್ಳ ಭಾಗವಿರುವುದರಿಂದ ಬುಡದವರೆಗೆ ಕತ್ತರಿಸಿದರೆ ರಕ್ತ ಸುರಿಯುತ್ತದೆ.

ಹಿಂಡನ್ನೂ ನೋಡಬೇಕು. ಒಂದು ಹುಂಜಕ್ಕೆ ಎಂಟು ಹತ್ತು ಹೇಂಟೆಗಳಿರುವುದು ಒಳ್ಳೆಯದು. ಎರಡು ಮೂರು ಹೇಂಟೆಗಳಿಗೆ ಎರಡು ಹುಂಜಗಳನ್ನು ಬಿಟ್ಟ ಹಿತ್ತಿಲಿನಲ್ಲಿ ಹೇಂಟೆಗಳ ಬೆನ್ನು ಬೋಳಾಗುವುದೂ, ಹುಂಜಗಳ ಮುಖವು ರಕ್ತಮಯವಾಗುವುದೂ ಆಶ್ಚರ್ಯವಲ್ಲ. ಇಕ್ಕಟ್ಟಾದ ಗೂಡೂ ಜಗಳಕ್ಕೆ ಎಡೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಸಿದ್ಧವಾದ ಗಿರಿರಾಜ ತಳಿಯ ಹುಂಜವು ನಾಟಿ ಹುಂಜಕ್ಕಿಂತ ಬಹಳ ಭಾರವಾದುದರಿಂದ, ಅದು ಎರಗಿದರೆ ಪೆಟ್ಟೂ ಹೆಚ್ಚು. ಅಂತಹದನ್ನು ಸಾಕುವವರು ಚಿಕ್ಕಂದಿನಿಂದಲೇ ಎಚ್ಚರವಾಗಿರಬೇಕು.

ಇಷ್ಟಾದರೂ ಕೆಲವು ವಾರಗಳಲ್ಲಿ ಬಗ್ಗದ ಹುಂಜವನ್ನು ಏನು ಮಾಡಬೇಕು? ಇಲ್ಲಿ ನಾವು ದಾಕ್ಷಿಣ್ಯವಿಲ್ಲದೆ ಹೇಳುತ್ತೇವೆ: ಅದನ್ನು ತಳಿಗೆ ಉಳಿಸಕೂಡದು. ಉಗ್ರತೆಯು ಬಹುಮಟ್ಟಿಗೆ ವಂಶದಲ್ಲಿ ಇಳಿಯುವ ಗುಣ. ಕಾಳಗಕ್ಕೆಂದೇ ತಲೆತಲಾಂತರದಿಂದ ಆರಿಸಿ ಬೆಳೆಸಿದ ಅಸೀಲ್ ಜಾತಿಯೇ ಇದಕ್ಕೆ ಸಾಕ್ಷಿ. ಹುಂಜವು ಎಷ್ಟು ಕ್ರೂರವೋ ಯಜಮಾನನಿಗೆ ಅಷ್ಟು ಗೌರವವೆಂದು ಎಣಿಸುವ ಜಮೀನುದಾರರು ಇನ್ನೂ ಇದ್ದಾರೆ; ಅವರ ಹುಂಜದ ಮರಿಗಳೇ ಊರೆಲ್ಲ ಹರಡುತ್ತವೆ. ಕೋಳಿ ಅಂಕಕ್ಕೆ ಹುಂಜಗಳನ್ನು ಬಿಡುವುದಂತೂ 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯಂತೆ ಅಪರಾಧವಾಗಿದೆ. ದೋಷವನ್ನು ಮರೆಮಾಚಿ ಸಂತೆಯಲ್ಲಿ ಮಾರುವವರೂ ಉಂಟು. ಅದು ತಮ್ಮ ಹಿತ್ತಿಲಿನ ಕಂಟಕವನ್ನು ಬಡವನೊಬ್ಬನ ಅಂಗಳಕ್ಕೆ ದಾಟಿಸಿದಂತೆ. ಅದಕ್ಕಿಂತ ಸಾರಿನ ಪಾತ್ರೆಯು ನ್ಯಾಯವಾದ ದಾರಿ.

ವ್ಯಾಜ್ಯವು ಜಗುಲಿಗೆ ಬಂದಾಗ ಯಜಮಾನರು ಪರಿಹಾರದ ಮಾತಿಗಿಂತ ಮೊದಲು ಗಾಯವನ್ನು ನೋಡತಕ್ಕದ್ದು. ಹುಂಜದ ಮುಳ್ಳು ಹೊರಗೆ ಚಿಕ್ಕ ತೂತನ್ನು ಮಾಡಿ ಒಳಗೆ ಆಳವಾಗಿ ನಾಟುತ್ತದೆ. ಅದರ ಮೇಲೆ ಹಿತ್ತಿಲಿನ ಮಣ್ಣೂ ಗೊಬ್ಬರವೂ ಅಂಟಿರುವುದರಿಂದ ಧನುರ್ವಾಯುವಿನ ಭಯವಿದೆ. ಅರಿಸಿನ ಮೆತ್ತಿ ಕಳುಹಿಸಿದರೆ ಸಾಲದು. ಸಾಬೂನು ಹಾಕಿ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿಸಿ, ಧನುರ್ವಾಯು ನಿರೋಧಕ ಚುಚ್ಚುಮದ್ದಿಗಾಗಿ ಅಂದೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸಬೇಕು. ಕಣ್ಣಿಗೆ ತಗುಲಿದ್ದರೆ ಉಜ್ಜಲು ಬಿಡದೆ ಒಡನೆಯೇ ನೇತ್ರವೈದ್ಯರಲ್ಲಿಗೆ ಕರೆದೊಯ್ಯತಕ್ಕದ್ದು.